ಸಿಲ್ವರ್ ಓಕ್‌ನ ದಾಯಾದಿ ಗಿಡ, ಮತ್ತೆ 'ಖಾಲಿ ಜಾಗ' ಅನ್ನೋ ಮಾತು

ನಮ್ಮ ತೋಟದಲ್ಲಿ ಕಾಫಿಗೆ ನೆರಳಾಗಿ, ಮೆಣಸಿನ ಬಳ್ಳಿಗೆ ಆಸರೆಯಾಗಿ ನಿಂತಿರೋ ಸಿಲ್ವರ್ ಓಕ್ ಆಸ್ಟ್ರೇಲಿಯಾದ್ದು ಅಂತ ನಿಮಗೆ ಗೊತ್ತೇ ಇದೆ. ಅದರ ಕುಲದ ಹೆಸರು ಗ್ರೆವಿಲಿಯಾ. ಅದೇ ಕುಲದ ಕೇಲಿ ಗ್ರೆವಿಲಿಯಾ ಅನ್ನೋ ಗಿಡ ಇವತ್ತು ಅಳಿವಿನ ಅಂಚಿಗೆ ಬಂದಿದೆ.

ಆಳೆತ್ತರ ದಾಟಿ ಬೆಳೆದು ಅಗಲಕ್ಕೆ ಹರಡೋ ಪೊದೆ ಇದು. ಎಲೆ ಜರಿಗಿಡದ ಹಾಗೆ ಸೀಳುಸೀಳು. ಹೂಗೊಂಚಲು ಹಲ್ಲುಜ್ಜೋ ಬ್ರಷ್ ತರ, ಕೆಂಪು ಬಣ್ಣ. 1800ರಿಂದ 1810ರವರೆಗೆ ಅಲ್ಲಿ ಗಿಡ ಸಂಗ್ರಹಿಸಿದ ಜಾರ್ಜ್ ಕೇಲಿಯ ಹೆಸರನ್ನೇ ಇದಕ್ಕಿಟ್ಟಿದ್ದಾರೆ. ಇಡೀ ಭೂಮಿ ಮೇಲೆ ಇದು ತಾನಾಗಿ ಬೆಳೆಯೋದು ಸಿಡ್ನಿಯ ಉತ್ತರಕ್ಕೆ ಟೆರ್ರಿ ಹಿಲ್ಸ್ ಸುತ್ತಮುತ್ತ ಕೆಲವೇ ಕಿಲೋಮೀಟರ್ ಒಳಗೆ. ಅಲ್ಲೂ ಹೆಚ್ಚಾಗಿ ಗುಡ್ಡದ ನೆತ್ತಿಯ ಜಂಬಿಟ್ಟಿಗೆ ಮಣ್ಣಲ್ಲಿ.

ಪೆಟ್ಟು ಬಿದ್ದಿದ್ದು ಆ ನೆತ್ತಿಗೇ. ಪಕ್ಕದಲ್ಲೇ 1894ರಿಂದ ಕುರಿಂಗೈ ಚೇಸ್ ರಾಷ್ಟ್ರೀಯ ಉದ್ಯಾನ ಇದೆ. ಮರಳುಗಲ್ಲಿನ ಕಡಿದಾದ ಇಳಿಜಾರು ಉಳೀತು, ಸಮತಟ್ಟಾದ ನೆತ್ತಿಗೆ ರಸ್ತೆ, ಮನೆ ಬಂತು. ಗಿಡದ ನೆಲೆ ಬಹುಪಾಲು ಹಾಗೇ ಹೋಯ್ತು. ಈಗ ಉಳಿದಿರೋದು ತುಂಡು ತುಂಡು ಜಾಗ. ಎಷ್ಟು ಎಕರೆ ಕಾಡು ಉಳಿಸಿದ್ವಿ ಅನ್ನೋ ಲೆಕ್ಕ ಸಾಲದು, ಯಾವ ಮಣ್ಣು ಉಳೀತು ಅಂತ ಕೇಳಬೇಕು.

ಇನ್ನೊಂದು ವಿಷಯ ಬೆಂಕಿ. ಬೆಂಕಿ ಬಿದ್ರೆ ಈ ಗಿಡ ಸತ್ತೇ ಹೋಗುತ್ತೆ, ಬುಡದಿಂದ ಮತ್ತೆ ಚಿಗುರಲ್ಲ. ಆದ್ರೆ ಮಣ್ಣೊಳಗೆ ಮಲಗಿದ್ದ ಬೀಜ ಬೆಂಕಿಯ ನಂತರವೇ ಏಳೋದು. ಆ ಸಸಿ ಬೆಳೆದು, ಹೂ ಬಿಟ್ಟು, ಮತ್ತೆ ಬೀಜ ಕೂಡಿಸೋಕೆ ವರ್ಷಗಳು ಬೇಕು. ಬಿಟ್ಟ ಬೀಜದಲ್ಲೂ ಬಹಳಷ್ಟನ್ನ ಹುಳ, ಇಲಿ ತಿಂದು ಮುಗಿಸ್ತವೆ. ಅಷ್ಟರೊಳಗೆ ಇನ್ನೊಂದು ಬೆಂಕಿ ಬಿದ್ರೆ ಸಂತಾನ ಮುಗೀತು. ದಶಕಗಟ್ಟಲೆ ಬೆಂಕಿಯೇ ಬರದಿದ್ರೂ ಕಷ್ಟ: ಹಳೆ ಗಿಡ ಸಾಯ್ತವೆ, ಹೊಸದು ಏಳಲ್ಲ. ಸುತ್ತ ಮನೆಗಳಿರೋ ಕಡೆ ಈ ಲೆಕ್ಕ ಹಿಡಿಯೋದು ಸುಲಭ ಅಲ್ಲ ಮಾರಾಯ್ರೆ.

"ಕಸಿ ಕಟ್ಟಿ ನರ್ಸರಿಯಲ್ಲಿ ಉಳಿಸಬಹುದಲ್ವಾ?" ಅಂತ ನೀವು ಕೇಳ್ತೀರಿ. ನ್ಯಾಯವಾದ ಪ್ರಶ್ನೆ. ನಾವು ಹಿಪ್ಪಲಿ ಬುಡಕ್ಕೆ ಮೆಣಸು ಕಟ್ಟೋ ಹಾಗೆ ಅಲ್ಲಿ ಎಷ್ಟೋ ಗ್ರೆವಿಲಿಯಾಗಳನ್ನ ಸಿಲ್ವರ್ ಓಕ್ ಬುಡಕ್ಕೇ ಕಸಿ ಕಟ್ತಾರೆ. ಆಪತ್ತಿಗೆ ಅದೂ ಇರಲಿ. ಆದ್ರೆ ಕುಂಡದ ಗಿಡಕ್ಕೆ ನೆಲದಡಿ ಬೀಜದ ಕಣಜ ಇರಲ್ಲ. ಬೆಂಕಿ ಬಂದು ಹೋದಮೇಲೆ ತಾನೇ ಎದ್ದು ನಿಲ್ಲೋ ಶಕ್ತಿ ಇರೋದು ಆ ಕಣಜದಲ್ಲಿ, ಆ ನೆಲದಲ್ಲಿ.

ಅದಕ್ಕೇ ನನ್ನ ಮಾತು ಇಷ್ಟೇ: ಗಿಡ ಕಾಣದ ಜಾಗ ಖಾಲಿ ಜಾಗ ಅಲ್ಲ. ಸುಟ್ಟು ಬೋಳಾದ ಆ ನೆತ್ತಿಯನ್ನ ನೋಡಿ "ಇಲ್ಲೇನಿದೆ, ರಸ್ತೆ ಅಗಲ ಮಾಡಿ" ಅಂದ್ರೆ, ಇನ್ನೂ ಹುಟ್ಟದ ಗಿಡಗಳನ್ನ ಹೂತ ಹಾಗೆ. ಉಳಿದ ತುಂಡುಗಳನ್ನ ಅಲ್ಲಿಯವರು ಒಂದಡಿಯೂ ಬಿಡಬಾರದು, ಬೆಂಕಿಯನ್ನೂ ವರ್ಷ ಎಣಿಸಿಯೇ ಇಡಬೇಕು. ದೂರದ ಊರಿನ ವಿಷಯ, ನಮಗ್ಯಾಕೆ ಅನ್ನಬೇಡಿ. ಅದರ ದಾಯಾದಿಯ ನೆರಳಲ್ಲೇ ನಮ್ಮ ಕಾಫಿ ಹಣ್ಣಾಗೋದು. ನಿಮಗೇನನ್ಸುತ್ತೆ, ಬರೀರಿ.