ವಿಷಯ ನಿರ್ವಹಣಾ ತಂತ್ರಾಂಶ ಮತ್ತು ಕನ್ನಡದ ವಿಭಕ್ತಿ

ಕನ್ನಡ ಮತ್ತು ಗಣಕಯಂತ್ರದ ಸಂಬಂಧವನ್ನು ಕುರಿತ ನಮ್ಮ ಚರ್ಚೆಗಳು ಬಹುಮಟ್ಟಿಗೆ ಲಿಪಿಯ ಸುತ್ತಲೇ ನಡೆದಿವೆ. ಕೀಲಿಮಣೆ, ಅಕ್ಷರಗಳ ರೂಪ, ಯುನಿಕೋಡ್ ಸಂಕೇತ ಇವು ಮೊದಲ ಹಂತದ ಪ್ರಶ್ನೆಗಳಾಗಿದ್ದವು. ಪಾರಿಭಾಷಿಕ ಪದಗಳ ರಚನೆ ಎರಡನೆಯದು. ಇವೆರಡರ ಅಗತ್ಯವನ್ನು ಯಾರೂ ಅಲ್ಲಗಳೆಯಲಾರರು. ಆದರೆ ಲಿಪಿ ಸರಿಯಾಗಿ ಮೂಡಿ, ಪದಗಳೂ ಒಪ್ಪಿತವಾಗಿದ್ದು, ವಾಕ್ಯ ಮಾತ್ರ ಕನ್ನಡವಾಗದೆ ಉಳಿಯುವ ಸ್ಥಿತಿಯೊಂದಿದೆ. ದೊಡ್ಡ ವಾಣಿಜ್ಯ ಸಂಸ್ಥೆಗಳ ಜಾಲತಾಣಗಳ ಕನ್ನಡ ಪುಟಗಳಲ್ಲಿ ಇದನ್ನು ಕಾಣಬಹುದು. ಈ ದೋಷವನ್ನು ಅನುವಾದಕರ ಅಜ್ಞಾನಕ್ಕೆ ಆರೋಪಿಸುವುದು ರೂಢಿ. ಅದರ ಮೂಲ ಆ ಪುಟಗಳನ್ನು ಕಟ್ಟುವ ತಂತ್ರಾಂಶದಲ್ಲಿದೆ ಎಂಬುದು ನನ್ನ ಅಭಿಪ್ರಾಯ.

ಸಾವಿರಾರು ಪುಟಗಳಿರುವ ತಾಣವನ್ನು ಯಾರೂ ಪುಟಪುಟವಾಗಿ ಬರೆಯುವುದಿಲ್ಲ. ಬರಹವನ್ನು ತುಣುಕುಗಳಾಗಿ ಒಡೆದು ದತ್ತಸಂಚಯದಲ್ಲಿರಿಸಿ, ಓದುಗ ಕೇಳಿದಾಗ ಸಿದ್ಧ ಅಚ್ಚೊಂದರಲ್ಲಿ ಜೋಡಿಸಿ ಕೊಡುವುದು ವಿಷಯ ನಿರ್ವಹಣಾ ತಂತ್ರಾಂಶದ ಕೆಲಸ. ಅಮೆರಿಕದ ಸಿನೆಟ್ ಸಂಸ್ಥೆ ತನ್ನ ಬಳಕೆಗೆಂದು ಕಟ್ಟಿಕೊಂಡಿದ್ದ ವ್ಯವಸ್ಥೆಯಿಂದ 1990ರ ದಶಕದಲ್ಲಿ ವಿನ್ಯೆಟ್ ಸಂಸ್ಥೆಯ ಸ್ಟೋರಿಸರ್ವರ್ ರೂಪುಗೊಂಡಿತು. ಸ್ವಿಟ್ಜರ್ಲೆಂಡಿನ ಡೇ ಸಾಫ್ಟ್‌ವೇರ್ ಅನ್ನು 2010ರಲ್ಲಿ ಅಡೋಬಿ ಕೊಂಡುಕೊಂಡಿತು. ಹೀಗೆ ಈ ಪರಂಪರೆಯೆಲ್ಲ ಯೂರೋಪು ಅಮೆರಿಕಗಳಲ್ಲಿ ಬೆಳೆದುದು. ಅದರ ಹಿಂದೆ ಹೇಳದೆ ಉಳಿದ ಒಂದು ಭಾಷಿಕ ನಂಬಿಕೆಯಿದೆ: ವಾಕ್ಯದಲ್ಲೊಂದು ಖಾಲಿ ಜಾಗ ಬಿಟ್ಟು ಅಲ್ಲಿ ಯಾವ ನಾಮಪದವನ್ನು ತುಂಬಿದರೂ ವಾಕ್ಯ ಕೆಡುವುದಿಲ್ಲ ಎಂಬುದು.

ಇಂಗ್ಲಿಷಿನಲ್ಲಿ ಈ ನಂಬಿಕೆ ಬಹುಮಟ್ಟಿಗೆ ನಿಜ. ಅಲ್ಲಿ ಸಂಬಂಧವನ್ನು ಹೇಳುವ ಪದ ನಾಮಪದದ ಮುಂದೆ ಬೇರೆಯಾಗಿ ನಿಲ್ಲುತ್ತದೆ. ಊರಿನ ಹೆಸರು ಯಾವುದಾದರೂ ಅದಕ್ಕೆ ಬಾಧಕವಿಲ್ಲ. ಕನ್ನಡದಲ್ಲಿ ಪ್ರತ್ಯಯವು ನಾಮಪದದ ಅಂತ್ಯವನ್ನು ನೋಡಿ ರೂಪ ಬದಲಿಸುತ್ತದೆ. ಧಾರವಾಡದಲ್ಲಿ, ಉಡುಪಿಯಲ್ಲಿ, ಬೆಂಗಳೂರಿನಲ್ಲಿ ಎಂಬ ಮೂರು ರೂಪಗಳನ್ನು ಶಾಲೆಯ ಮಗುವೂ ಬಲ್ಲದು, ತಂತ್ರಾಂಶ ಅರಿಯದು. ‘ದಲ್ಲಿ’ ಎಂದು ಅಚ್ಚಿನಲ್ಲಿ ಬರೆದಿಟ್ಟರೆ ಧಾರವಾಡ ಸರಿಹೋಗಿ ‘ಉಡುಪಿದಲ್ಲಿ’ ಎಂದಾಗುತ್ತದೆ. ಇದರಿಂದ ಪಾರಾಗಲು ಹಲವರು ಹೆಸರನ್ನು ಹಾಗೆಯೇ ಬಿಟ್ಟು, ಒಂದು ತೆರಪು ಕೊಟ್ಟು, ‘ಉಡುಪಿ ನಲ್ಲಿ ಶಾಖೆಗಳು’ ಎಂದು ಬರೆಯುತ್ತಾರೆ. ಇಲ್ಲಿ ಶಾಖೆಗಳು ಯಾವ ನಲ್ಲಿಯಿಂದ ಸುರಿಯುತ್ತವೆಯೋ ಓದುಗನೇ ಊಹಿಸಿಕೊಳ್ಳಬೇಕು.

ಇದು ನಗೆಗಷ್ಟೇ ವಸ್ತುವಾಗಿದ್ದರೆ ಈ ಲೇಖನದ ಅಗತ್ಯವಿರಲಿಲ್ಲ. ಬ್ಯಾಂಕೇತರ ಹಣಕಾಸು ಸಂಸ್ಥೆಗಳು ಸಾಲಗಾರನೊಡನೆ ಪ್ರಾದೇಶಿಕ ಭಾಷೆಯಲ್ಲಿ ಅಥವಾ ಅವನಿಗೆ ತಿಳಿಯುವ ಭಾಷೆಯಲ್ಲಿ ವ್ಯವಹರಿಸಬೇಕೆಂದು ರಿಸರ್ವ್ ಬ್ಯಾಂಕಿನ ನ್ಯಾಯೋಚಿತ ವ್ಯವಹಾರ ಸಂಹಿತೆ ವಿಧಿಸುತ್ತದೆ. ಸಾಲದ ಷರತ್ತುಗಳೂ ಇದೇ ಬಗೆಯ ತುಣುಕುಗಳಾಗಿ ಅನುವಾದಕನ ಕೈಸೇರುವುದುಂಟು. ಇಂಗ್ಲಿಷಿನ ‘ಬೈ’ ಎಂಬ ಒಂದೇ ಪದ ಸಂದರ್ಭವಿಲ್ಲದೆ ಅವನ ಮುಂದೆ ಬಂದರೆ ಅದು ಕರ್ತೃವನ್ನು ಸೂಚಿಸುವ ‘ಇಂದ’ವೋ, ಗಡುವನ್ನು ಸೂಚಿಸುವ ‘ಒಳಗೆ’ಯೋ, ಪ್ರಮಾಣವನ್ನು ಸೂಚಿಸುವ ‘ಅಷ್ಟು’ವೋ ತಿಳಿಯುವ ಬಗೆಯಿಲ್ಲ. ‘ಬಡ್ಡಿ ಶೇ. 2ರಷ್ಟು ಏರುತ್ತದೆ’ ಎಂಬುದಕ್ಕೂ ‘ಶೇ. 2ಕ್ಕೆ ಏರುತ್ತದೆ’ ಎಂಬುದಕ್ಕೂ ಇರುವ ಅಂತರ ಶೈಲಿಯದಲ್ಲ, ಹಣದ್ದು. ತುಣುಕುಗಳನ್ನು ಸಾಗಿಸುವ ಕಡತಗಳಲ್ಲಿ ಅನುವಾದಕನಿಗೆ ಟಿಪ್ಪಣಿ ಸೇರಿಸಲು ಸ್ಥಳವಿದೆ. ಅದನ್ನು ತುಂಬುವ ವ್ಯವಧಾನವಿಲ್ಲದಿದ್ದರೆ ಹೊರೆ ಅನುವಾದಕನ ಮೇಲೆ ಬೀಳುತ್ತದೆ, ಆಮೇಲೆ ಸಾಲಗಾರನ ಮೇಲೆ.

ಕನ್ನಡದ ಸ್ವಭಾವವೇ ತೊಡಕಿನದು ಎಂಬ ವಾದವನ್ನು ತಂತ್ರಜ್ಞರು ಮುಂದಿಡಬಹುದು. ಅದು ಪೂರ್ಣಸತ್ಯವಲ್ಲ. ‘ಇಂಥವರು ಬರೆದಿದ್ದಾರೆ’ ಎಂಬಲ್ಲಿ ನಮ್ಮ ಗೌರವ ಬಹುವಚನ ಲಿಂಗಭೇದದ ಸಮಸ್ಯೆಯನ್ನೇ ಇಲ್ಲವಾಗಿಸುತ್ತದೆ. ‘ಮೂರು ದಿನ’, ‘ಹತ್ತು ರೂಪಾಯಿ’ ಎನ್ನುವಾಗ ಬಹುವಚನ ಪ್ರತ್ಯಯದ ಹಂಗೂ ಇಲ್ಲ. ಫಿನ್ನಿಶ್ ಭಾಷೆಯ ವಿಭಕ್ತಿಗಳು ನಮ್ಮವಕ್ಕಿಂತ ಹೆಚ್ಚು. ಆದರೂ ವಿಕಿಪೀಡಿಯವನ್ನು ನಡೆಸುವ ಮೀಡಿಯಾವಿಕಿ ತಂತ್ರಾಂಶದಲ್ಲಿ ಆ ಭಾಷೆಯ ಸ್ವರಸಾಮ್ಯದ ನಿಯಮವನ್ನೂ ಗಮನಿಸಿ ನಾಮಪದಕ್ಕೆ ಪ್ರತ್ಯಯ ಹತ್ತಿಸುವ ಏರ್ಪಾಡಿದೆ. ಆ ಭಾಷೆ ಬಲ್ಲವರು ನಿಯಮವನ್ನು ಯಂತ್ರಕ್ಕೆ ತಿಳಿಯುವಂತೆ ಬರೆದುಕೊಟ್ಟುದರಿಂದ ಅದು ಸಾಧ್ಯವಾಯಿತು.

ನಮ್ಮಲ್ಲಿ ಸಾಮಗ್ರಿಗೆ ಕೊರತೆಯಿಲ್ಲ. 13ನೆಯ ಶತಮಾನದಲ್ಲಿ ಕೇಶಿರಾಜ ವಿಭಕ್ತಿಗಳನ್ನು ವಿವೇಚಿಸಿದ. ‘ಊರು’ ಶಬ್ದದ ಕೊನೆಯ ಉಕಾರ ಉಚ್ಚಾರಣೆಗೆಂದು ಸೇರಿದ್ದು, ‘ಗುರು’ ಶಬ್ದದ ಉಕಾರ ಪ್ರಕೃತಿಯಲ್ಲೇ ಇರುವುದು. ಆದುದರಿಂದ ಒಂದು ‘ಊರಿನಲ್ಲಿ’ ಆದರೆ ಇನ್ನೊಂದು ‘ಗುರುವಿನಲ್ಲಿ’ ಆಗುತ್ತದೆ ಎಂಬುದನ್ನು ನಾವು ತರಗತಿಗಳಲ್ಲಿ ಪಾಠ ಹೇಳುತ್ತಲೇ ಬಂದಿದ್ದೇವೆ. ಆ ಪಾಠ ತಂತ್ರಾಂಶ ರೂಪಿಸುವವರ ಮೇಜಿನವರೆಗೆ ಹೋಗಿಲ್ಲ. ಅವರು ಬಂದು ಕೇಳಲಿಲ್ಲವೆಂಬುದು ನಿಜವಿರಬಹುದು. ಕೇಳಿದ್ದರೆ ಕೊಡಲು ನಮ್ಮ ವಿಭಾಗಗಳಲ್ಲಿ ಸಿದ್ಧವಾದುದು ಏನಿತ್ತು ಎಂಬುದೂ ಪ್ರಶ್ನೆಯೇ.

ಪರಿಹಾರ ಅಷ್ಟೇನೂ ದೂರವಿಲ್ಲ. ಈ ತಂತ್ರಾಂಶಗಳಲ್ಲಿ ಪ್ರತಿ ದಾಖಲೆಗೂ ಹೊಸ ಅಂಕಣಗಳನ್ನು ಸೇರಿಸಬಹುದು. ಊರಿನ ಹೆಸರಿನ ಜೊತೆಗೆ ಅದರ ಷಷ್ಠೀ ರೂಪವನ್ನೂ ಬರೆದಿಟ್ಟರೆ ಸಪ್ತಮಿ, ತೃತೀಯೆಗಳೆರಡೂ ಅದರಿಂದ ಒದಗುತ್ತವೆ: ಬೆಂಗಳೂರಿನ, ಬೆಂಗಳೂರಿನಲ್ಲಿ, ಬೆಂಗಳೂರಿನಿಂದ. ಚತುರ್ಥಿಗೆ ಇನ್ನೊಂದು ಅಂಕಣ ಬೇಕು. ಧಾರವಾಡಕ್ಕೆ, ಬೆಂಗಳೂರಿಗೆ ಎಂಬವು ಷಷ್ಠಿಯಿಂದ ಹುಟ್ಟುವುದಿಲ್ಲ. ದ್ವಿತೀಯೆಯೂ ಬೇರೆಯೇ, ಆದರೆ ಊರ ಹೆಸರುಗಳಿಗೆ ಅದರ ಪ್ರಸಂಗ ವಿರಳ. ರಾಜ್ಯದ 31 ಜಿಲ್ಲೆಗಳ ಹೆಸರುಗಳಿಗೆ ಈ ಪಟ್ಟಿ ಮಾಡಲು ಸ್ನಾತಕೋತ್ತರ ವಿದ್ಯಾರ್ಥಿಯೊಬ್ಬನಿಗೆ ಒಂದು ಮಧ್ಯಾಹ್ನ ಸಾಕು.

ನಿಜವಾದ ಸಂಶೋಧನೆ ಬೇಕಾಗಿರುವುದು ಎರವಲು ಹೆಸರುಗಳ ವಿಷಯದಲ್ಲಿ. ಬ್ಯಾಂಕಿನಲ್ಲಿ, ಬ್ಯಾಂಕ್‌ನಲ್ಲಿ ಎರಡೂ ಬಳಕೆಯಲ್ಲಿವೆ. ಮುಂಬೈಯಲ್ಲಿ ಎಂದೂ ಮುಂಬೈನಲ್ಲಿ ಎಂದೂ ಪತ್ರಿಕೆಗಳು ಬರೆಯುತ್ತವೆ. ವ್ಯಂಜನದಲ್ಲಿ ಕೊನೆಗೊಳ್ಳುವ ಅಂಕಿತನಾಮಗಳು ದಿನದಿನಕ್ಕೆ ಹೆಚ್ಚುತ್ತಿವೆ. ಇವುಗಳಲ್ಲಿ ಯಾವ ರೂಪ ಎಲ್ಲಿ, ಯಾವ ಪ್ರದೇಶದ ಬರಹದಲ್ಲಿ, ಎಷ್ಟರಮಟ್ಟಿಗೆ ನೆಲೆಗೊಂಡಿದೆ ಎಂಬುದನ್ನು ಬಳಕೆಯ ಆಧಾರದಿಂದಲೇ ಕಂಡುಕೊಳ್ಳಬೇಕು. ಹಳೆಯ ಸೂತ್ರಗಳಿಂದ ಅನುಮಾನಿಸಿ ನಿರ್ಣಯಿಸಲಾಗದು. ಪಿಎಚ್.ಡಿ. ವಿಷಯಕ್ಕಾಗಿ ಹುಡುಕಾಡುವ ನಮ್ಮ ವಿದ್ಯಾರ್ಥಿಗಳಿಗೆ ಇದನ್ನು ಸೂಚಿಸಬಹುದು.