ಜಾಮೀನು ಸಿಕ್ಕರೂ ಜೈಲು ತಪ್ಪದು: ಹೊರನಾಡ ಕನ್ನಡಿಗರು ತಿಳಿದಿರಬೇಕಾದ ಸಂಗತಿ

ಮುಂಬಯಿ: ನ್ಯಾಯಾಲಯ ಜಾಮೀನು ಮಂಜೂರು ಮಾಡಿತೆಂದರೆ ಮಗ ಅಂದೇ ಹೊರಬರುತ್ತಾನೆಂದು ಊರಿನಲ್ಲಿರುವ ಹೆತ್ತವರು ನಂಬುತ್ತಾರೆ. ವಾಸ್ತವ ಹಾಗಿಲ್ಲ. ಹೊಣೆ ಹೊರುವ ಜಾಮೀನುದಾರ ನ್ಯಾಯಾಲಯಕ್ಕೆ ಬರಬೇಕು, ಆತನ ವಿಳಾಸ ಹಾಗೂ ಆದಾಯದ ದಾಖಲೆಗಳ ಪರಿಶೀಲನೆಯಾಗಬೇಕು, ಆಮೇಲೆ ಬಿಡುಗಡೆ ಪತ್ರ ಜೈಲು ತಲುಪಬೇಕು.

2021ರ ಅಕ್ಟೋಬರ್ 28ರಂದು ನಟ ಶಾರುಖ್ ಖಾನ್ ಪುತ್ರನಿಗೆ ಬಾಂಬೆ ಹೈಕೋರ್ಟ್ ಜಾಮೀನು ನೀಡಿತು. ನಟಿ ಜೂಹಿ ಚಾವ್ಲಾ ಸ್ವತಃ ಬಂದು ಜಾಮೀನು ನಿಂತರು. ಆದರೂ ಮರುದಿನ ಸಂಜೆ 5.30ರೊಳಗೆ ಪತ್ರ ಆರ್ಥರ್ ರೋಡ್ ಜೈಲಿನ ಪೆಟ್ಟಿಗೆಗೆ ಬೀಳದೆ, ಬಿಡುಗಡೆಯಾದದ್ದು 30ರಂದು. ಸಾಕ್ಷ್ಯದ ಕೊರತೆಯಿಂದ 2022ರ ಆರೋಪಪಟ್ಟಿಯಲ್ಲಿ ಆತನ ಹೆಸರೇ ಇರಲಿಲ್ಲ. ಅಂಥವರ ಮಕ್ಕಳಿಗೇ ಹೀಗಾದರೆ, ಹೊಟೇಲಿನಲ್ಲಿ ದುಡಿದು ಅಲ್ಲಿಯೇ ಮಲಗುವ, ಇಲ್ಲಿನ ರೇಶನ್ ಕಾರ್ಡೂ ಇಲ್ಲದ ಹುಡುಗನ ಪಾಡೇನು?

ಈ ಪ್ರಶ್ನೆ ಹೊಸದಲ್ಲ. 1978ರಲ್ಲಿ ಮೋತಿರಾಂ ಎಂಬ ಮಧ್ಯಪ್ರದೇಶದ ಗಾರೆ ಕೆಲಸಗಾರನಿಗೆ ಮ್ಯಾಜಿಸ್ಟ್ರೇಟರು 10,000 ರೂ. ಜಾಮೀನು ಕೇಳಿದರು. ಸಹೋದರ ಮುಂದೆ ಬಂದರೂ, ಆತನ ಆಸ್ತಿ ಬೇರೆ ಜಿಲ್ಲೆಯಲ್ಲಿದೆಯೆಂದು ಒಪ್ಪಲಿಲ್ಲ. ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿ ಕೃಷ್ಣ ಅಯ್ಯರ್ ಇದನ್ನು ಕಟುವಾಗಿ ಟೀಕಿಸಿದರು. ಕನ್ನಡಿಗನೋ ತಮಿಳನೋ ಚಾಂದನಿ ಚೌಕದಲ್ಲಿ ಬಂಧಿತನಾದರೆ ಅಲ್ಲಿ ಆಸ್ತಿಯುಳ್ಳ ಜಾಮೀನುದಾರನನ್ನು ಎಲ್ಲಿಂದ ತರುವುದೆಂದು ತೀರ್ಪಿನಲ್ಲೇ ಪ್ರಶ್ನಿಸಿದರು.

ಆದರೂ 2022ರ ಅಂತ್ಯಕ್ಕೆ ದೇಶದ ಜೈಲುಗಳಲ್ಲಿದ್ದ 5,73,220 ಮಂದಿಯಲ್ಲಿ 4,34,302 ಮಂದಿ ವಿಚಾರಣಾಧೀನರು. ಇವರೆಲ್ಲ ಜಾಮೀನು ಸಿಕ್ಕವರಲ್ಲ, ನಿಜ. ಆದರೆ ಸಿಕ್ಕಿಯೂ ಒಳಗೇ ಉಳಿದವರಿಗಾಗಿ ಸುಪ್ರೀಂ ಕೋರ್ಟ್ 2023ರ ಜನವರಿ 31ರಂದು ಮಾರ್ಗಸೂಚಿ ನೀಡಿತು. ಏಳು ದಿನಗಳಲ್ಲಿ ಬಿಡುಗಡೆಯಾಗದಿದ್ದರೆ ಜೈಲು ಅಧಿಕಾರಿ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ತಿಳಿಸಬೇಕು. ತಿಂಗಳಾದರೂ ಜಾಮೀನುದಾರ ಸಿಗದಿದ್ದರೆ ನ್ಯಾಯಾಲಯವೇ ಷರತ್ತು ಸಡಿಲಿಸಬಹುದು. ಸ್ಥಳೀಯರೇ ಜಾಮೀನು ನಿಲ್ಲಬೇಕೆಂಬ ಷರತ್ತು ವಿಳಂಬಕ್ಕೆ ಕಾರಣವಾದಲ್ಲಿ ಅದನ್ನು ವಿಧಿಸದಿರಬಹುದು. ಅದೇ ವರ್ಷ ಬಡ ಕೈದಿಗಳ ಜಾಮೀನಿಗೆ ಆರಂಭದಲ್ಲಿ 40,000 ರೂ.ವರೆಗೆ ನೆರವು ನೀಡುವ ಕೇಂದ್ರದ ಯೋಜನೆಯೂ ಬಂತು. ಮಾದಕ ದ್ರವ್ಯ, ಭ್ರಷ್ಟಾಚಾರದಂಥ ಪ್ರಕರಣಗಳನ್ನು ಅದರಿಂದ ಹೊರಗಿಟ್ಟರು.

ಕಾನೂನು ಇಷ್ಟು ಮುಂದೆ ಬಂದರೂ ನಮ್ಮವರು ಹಿಂಜರಿಯುತ್ತಾರೆ. ಬ್ಯಾಂಕಿನ ಸಾಲಕ್ಕೆ ಜಾಮೀನು ನಿಂತು ಸಂಬಳದಿಂದ ಕಂತು ಕಟ್ಟಿದವರ ಕಥೆ ಎಲ್ಲ ಮನೆಗಳಲ್ಲೂ ಇದೆ. ಪದ ಒಂದೇ ಆದರೂ ಹೊಣೆ ಬೇರೆ. ಸಾಲದ ಜಾಮೀನುದಾರ ಹಣಕ್ಕೆ ಹೊಣೆ; ನ್ಯಾಯಾಲಯದ ಜಾಮೀನುದಾರ ಆರೋಪಿಯ ಹಾಜರಿಗೆ ಹೊಣೆ. ಆರೋಪಿ ಅಪರಾಧಿಯೆಂದು ತೀರ್ಪಾದರೂ ಜಾಮೀನುದಾರನಿಗೆ ಶಿಕ್ಷೆಯಿಲ್ಲ. ಸಾಮಾನ್ಯವಾಗಿ ಮುಂಗಡ ಹಣ ಕಟ್ಟಬೇಕಿಲ್ಲ. ಆರೋಪಿ ತಲೆಮರೆಸಿಕೊಂಡರೆ ನೋಟಿಸು ಬರುತ್ತದೆ, ಬಾಂಡಿನ ಮೊತ್ತದವರೆಗೆ ವಸೂಲಾತಿಯೂ ಆಗಬಹುದು. ನಂಬಿಕೆ ತಪ್ಪಿದರೆ ಅರ್ಜಿ ಹಾಕಿ ಹೊಣೆಯಿಂದ ಬಿಡುಗಡೆ ಪಡೆಯಲು ಅವಕಾಶವಿದೆ.

ಆದ್ದರಿಂದ ಗುರುತಿಲ್ಲದವರಿಗೆ ಸಹಿ ಹಾಕುವುದು ತರವಲ್ಲ. ಗುರುತಿದ್ದವರನ್ನು ಕೈಬಿಡುವುದೂ ತರವಲ್ಲ. ಬಂಧನದಲ್ಲಿರುವವರಿಗೆ ಆದಾಯ ನೋಡದೆ ಉಚಿತ ವಕೀಲರನ್ನು ಪಡೆಯುವ ಹಕ್ಕು 1987ರ ಕಾಯಿದೆಯಲ್ಲೇ ಇದೆ, ಸಹಾಯವಾಣಿ 15100. ಸಂಘ-ಸಂಸ್ಥೆಗಳು ಇದನ್ನು ತಮ್ಮ ಫಲಕದಲ್ಲಿ ಬರೆದು ಹಾಕಬಹುದು. ಊರಿನ ಹೆತ್ತವರಿಗೆ ಮರಾಠಿ ಆದೇಶವನ್ನು ಓದಿ ಹೇಳಲು, ವಿಚಾರಣೆಯ ದಿನಾಂಕ ನೆನಪಿಸಲು ಒಬ್ಬ ಸದಸ್ಯರನ್ನು ನೇಮಿಸಬಹುದು. ವಿದ್ಯಾರ್ಥಿವೇತನ, ವೈದ್ಯಕೀಯ ನೆರವು ನೀಡುವ ಸಂಘಗಳಿಗೆ ಇದು ದೊಡ್ಡ ಖರ್ಚಿನ ಕೆಲಸವಲ್ಲ. ತಪ್ಪು ಸಾಬೀತಾಗುವ ಮುನ್ನ, ಸಹಿ ಹಾಕುವವರಿಲ್ಲವೆಂಬ ಕಾರಣಕ್ಕೆ ನಮ್ಮ ಹುಡುಗನೊಬ್ಬ ಒಳಗೆ ಉಳಿಯಬಾರದು.