ಕನ್ನಡದ ಎಐ ದುಬಾರಿ ಯಾಕೆ? ನಮ್ಮ ಹುಡುಗರಿಗೂ ಇಲ್ಲಿ ಕೆಲಸ ಐತಿ

ಕಿತ್ತೂರು: ಮೊಬೈಲ್‌ನಲ್ಲಿ ಕನ್ನಡದಾಗ ಪ್ರಶ್ನೆ ಕೇಳಿದರೂ ಎಐ ಉತ್ತರ ಕೊಡುತ್ತೆ. ಆದರೆ ಅದೇ ಪ್ರಶ್ನೆಗೆ ಇಂಗ್ಲಿಷ್‌ನಲ್ಲಿ ಖರ್ಚು ಕಡಿಮೆ. ಕಾರಣ ಇಷ್ಟೇ: ಭಾಷಾ ಮಾದರಿಗಳು ಪದವನ್ನು ಟೋಕನ್ ಎಂಬ ತುಂಡುಗಳಾಗಿ ಕತ್ತರಿಸಿ ಓದುತ್ತವೆ. ಬೆಂಗಳೂರಿನ ಸರ್ವಮ್ ಎಐ ಕಂಪನಿ 2024ರ ಅಕ್ಟೋಬರ್‌ನಲ್ಲಿ ಕೊಟ್ಟ ಲೆಕ್ಕದಂತೆ, ಇಂಗ್ಲಿಷ್ ಪದವೊಂದಕ್ಕೆ ಸುಮಾರು 1.4 ಟೋಕನ್ ಸಾಕು. ಭಾರತೀಯ ಲಿಪಿಗಳಿಗೆ ಹಲವು ಮಾದರಿಗಳಲ್ಲಿ 4ರಿಂದ 8 ಬೇಕು. ಟೋಕನ್ ಹೆಚ್ಚಾದಷ್ಟೂ ಸರ್ವರ್ ಬಾಡಿಗೆ ಏರುತ್ತೆ.

ಬಾಡಿಗೆ ಇಳಿಸುವ ದೊಡ್ಡ ಕೆಲಸ ನಡೆದಿದ್ದು ಓಪನ್ ಸೋರ್ಸ್‌ನಲ್ಲಿ. ಅಮೆರಿಕದ ಬರ್ಕ್ಲಿ ವಿಶ್ವವಿದ್ಯಾಲಯದ ಸಂಶೋಧಕರು 2023ರಲ್ಲಿ ವಿಎಲ್‌ಎಲ್‌ಎಂ ತಂತ್ರಾಂಶ ಬಿಡುಗಡೆ ಮಾಡಿದರು. ಮಾತುಕತೆ ನೆನಪಿಡಲು ಮೀಸಲಿಟ್ಟ ಮೆಮೊರಿಯಲ್ಲಿ ಮೊದಲು ಶೇ 60ರಿಂದ 80 ವ್ಯರ್ಥವಾಗುತ್ತಿತ್ತು, ಇದರಲ್ಲಿ ಶೇ 4ಕ್ಕಿಂತ ಕಡಿಮೆ ಎಂಬುದು ಅವರ ಲೆಕ್ಕ. ಅಂದರೆ ಅದೇ ಯಂತ್ರದಿಂದ ಹೆಚ್ಚು ಜನರಿಗೆ ಉತ್ತರ. ಕೋಡ್ ಉಚಿತ. ಯಾರಾದರೂ ತಪ್ಪು ತಿದ್ದಿ ಕಳಿಸಬಹುದು. ಪರಿಶೀಲಿಸಿ ಸರಿ ಇದ್ದರೆ ಸೇರಿಸಿಕೊಳ್ತಾರೆ. ಡಿಗ್ರಿ ಸರ್ಟಿಫಿಕೇಟ್ ಯಾರೂ ಕೇಳಲ್ಲ.

ಆದರೆ ಕನ್ನಡ ಪದ ಚೂರುಚೂರಾಗುವ ಸಮಸ್ಯೆ ಇದರಿಂದ ತೀರಲ್ಲ. ವಿಭಕ್ತಿ, ಒತ್ತಕ್ಷರ ಗೊತ್ತಿದ್ದವರೇ ಅದನ್ನು ಪರೀಕ್ಷಿಸಬೇಕು. ರಾಜ್ಯದ ಹಲವು ಎಂಜಿನಿಯರಿಂಗ್ ಕಾಲೇಜುಗಳು ಸಂಯೋಜನೆಗೊಂಡಿರುವ ವಿಟಿಯು ಮುಖ್ಯ ಕಚೇರಿ ನಮ್ಮ ಬೆಳಗಾವಿಯಲ್ಲೇ ಐತಿ. ಅಂತಿಮ ವರ್ಷದ ಪ್ರಾಜೆಕ್ಟ್‌ಗೆ ಹಳೇ ವರದಿ ಬೈಂಡ್ ಮಾಡಿಸಿ ಕೊಡುವ ಬದಲು ಇಂಥ ಕೋಡ್‌ಗೆ ಒಂದು ತಿದ್ದುಪಡಿ ಕಳಿಸಿದರೂ ಅಂಕ ಸಿಗುವಂತಾಗಬೇಕು. ನಾಳೆ ಬೈಲಹೊಂಗಲದ ರೈತ ಹತ್ತಿ ರೋಗಕ್ಕೆ ಕನ್ನಡದಾಗ ಮದ್ದು ಕೇಳಿದಾಗ ದರ ನಿಗದಿ ಮಾಡೋರು ಯಾರು ಅನ್ನೋದು ಈ ಕೆಲಸದ ಮೇಲೇ ನಿಂತಿದೆ.